ನಮ್ಮೂರಿನಲ್ಲಿ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ

ಟ್ಸೆವಿಯೆ, ಟೋಗೊ
ಮಾರ್ಚ್ ೯

ಪ್ರೀತಿಯ ಎನಾಮ್ ಅಕ್ಕನಿಗೆ ಅಕುವಿಯ ನಮಸ್ಕಾರ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಬೈಯಬೇಡ. ಮನೆ ಮನೆ ತಿರುಗಿ ಕಾಲು ಸೋತಿದೆ, ತಲೆ ಕೆಟ್ಟಿದೆ. ನೀನು ಕಳಿಸಿದ ಒಣಮೀನು ತಲುಪಿತು.

ಆಫ್ರಿಕಾದ ಯಾವ ದೇಶದಲ್ಲಿ ಜನರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂದು ಹೋಲಿಸುವ ನಮ್ಮ ಸಮೀಕ್ಷೆ ಮತ್ತೆ ಶುರುವಾಗಿದೆ. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಗಿಲು ಬಾಗಿಲಿಗೂ ಹೇಳಿ ನನ್ನ ಗಂಟಲು ಒಣಗಿತು. ಮನಸ್ಸಿಗೆ ಬಂದದ್ದನ್ನು ಹೇಳಲು ನಿಮಗೆ ಎಷ್ಟು ಸ್ವಾತಂತ್ರ್ಯವಿದೆ ಎಂದು ನಾನು ಕೇಳಬೇಕು. ಒಬ್ಬಾತ ಹೆಂಡತಿಯನ್ನು ಹೊರಗೆ ಕಳಿಸಿ, ಕಿಟಕಿ ಮುಚ್ಚಿ, ನನ್ನ ಕಿವಿಯ ಹತ್ತಿರ ಬಂದು, "ಬರ್ಕೊಳಮ್ಮ, ಪೂರ್ತಿ ಇದೆ" ಅಂದ. ಬರೆದುಕೊಂಡು ಬಂದೆ, ಇನ್ನೇನು ಮಾಡಲಿ?

ನೀವು ಘಾನಾದವರೋ, ಬೆಳಿಗ್ಗೆ ಎದ್ದರೆ ರೇಡಿಯೊಗೆ ಫೋನ್ ಮಾಡಿ ಮಂತ್ರಿಗಳ ಜನ್ಮ ಜಾಲಾಡುತ್ತೀರಿ. ಭಾವನನ್ನೇ ಕೇಳಿದರೆ, "ಎಲ್ಲಿ ಸ್ವಾತಂತ್ರ್ಯ ರೀ, ಮೊದ್ಲು ಕರೆಂಟ್ ಕೊಡಿ" ಎಂದು ಸೊನ್ನೆ ಹಾಕಿಸುತ್ತಾರೆ. ಹೀಗೇ ಆದರೆ ಪಟ್ಟಿಯಲ್ಲಿ ನಾವು ನಿಮಗಿಂತ ಮೇಲೆ ಕೂರುತ್ತೇವೆ. ಮೇಲಿನವರಿಗೆ ಹೇಳಿದೆ. "ಕೇಳೋದು ನಿನ್ನ ಕೆಲ್ಸ, ಅರ್ಥ ಮಾಡ್ಕೊಳೋದು ನಮ್ದು" ಅಂದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನಾನು ಈ ಕೆಲಸಕ್ಕೆ ಸೇರಿದ್ದೇ ಕೊಜೊಗಾಗಿ. ಮೆರವಣಿಗೆಗೆ ಹೋಗಿ ಸಿಕ್ಕಿಬಿದ್ದ ನಮ್ಮ ತಮ್ಮ ವಿಚಾರಣೆಯೂ ಇಲ್ಲದೆ ಇನ್ನೂ ಜೈಲಿನಲ್ಲಿದ್ದಾನೆ. ಇಂಥ ಮನೆಗಳ ಸಂಕಟ ಎಲ್ಲಾದರೂ ಒಂದು ಕಡೆ ಲೆಕ್ಕಕ್ಕೆ ಬರಲಿ ಎಂದುಕೊಂಡಿದ್ದೆ. ಹೋದ ವಾರ ಬೀದಿಯಲ್ಲಿ ಇಷ್ಟು ಮನೆಗೊಂದು ಎಂದು ಎಣಿಸಿ ಆರಿಸುವಾಗ ನಮ್ಮ ಮನೆಯೇ ಬಂತು. ಸ್ವಂತದವರನ್ನು ಪ್ರಶ್ನಿಸುವಂತಿಲ್ಲ, ಜೊತೆಗಾರ ಯಾವೊನನ್ನು ಒಳಗೆ ಕಳಿಸಿ ನಾನು ಅಂಗಳದ ಗೋಡೆಯಾಚೆ ನಿಂತೆ. ಅಮ್ಮನಾದರೂ ಹೇಳುತ್ತಾಳೆ ಎಂಬ ಆಸೆ.

"ಪೂರ್ತಿ ಇದೆ ಮಗಾ," ಅಂದಳು.

"ಮನೇಲಿ ಯಾರ್ಯಾರಿದೀರಮ್ಮಾ?"

"ನಾನು, ಚಿಕ್ಕ ಮಗಳು. ಮಗ ಘಾನಾದಲ್ಲಿ ಅವರಕ್ಕನ ಮನೇಲಿದಾನೆ. ಮೀನಿನ ವ್ಯಾಪಾರ."

ಅಕ್ಕಾ, ಸಿಟ್ಟು ನೆತ್ತಿಗೇರಿತು. ಶನಿವಾರ ಬಂದರೆ ಜೋಳದ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಜೈಲಿನ ಬಾಗಿಲಲ್ಲಿ ಬಿಸಿಲಿಗೆ ನಿಲ್ಲುವವಳು ಇವಳೇ ತಾನೇ? ಸಂಜೆ ಜಗಳ ತೆಗೆಯಬೇಕೆಂದು ಕುಳಿತೆ. ಅವಳು ತಟ್ಟೆ ಮುಂದಿಟ್ಟಳು, ತಿಂದು ಎದ್ದೆ.

ನಿನ್ನ ಮಂಡಿನೋವಿಗೆ ತಾಳೆಯೆಣ್ಣೆ ತಿಕ್ಕು, ಸೋಮಾರಿತನ ಮಾಡಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಅಕುವಿ

ತಾ.ಕ.: ಬರೆಯಬಾರದೆಂದಿದ್ದೆ, ಆದರೆ ನಿನಗಲ್ಲದೆ ಯಾರಿಗೆ ಹೇಳಲಿ? ಪ್ರಶ್ನೆಗಳೆಲ್ಲ ಮುಗಿದ ಮೇಲೆ, ನಮ್ಮನ್ನು ಯಾರು ಕಳಿಸಿದ್ದಾರೆ ಅಂದುಕೊಂಡಿದ್ದೀರಿ ಎಂದು ಕೇಳುವ ಪದ್ಧತಿಯಿದೆ. ಅಮ್ಮ "ಸರ್ಕಾರ" ಅಂದಳು. ಯಾವೊ ಎದ್ದು ಹೋದ. ನಾನಿನ್ನೂ ಗೋಡೆಯಾಚೆಯೇ ಇದ್ದೆ. ಪಕ್ಕದ ಮನೆಯ ಡೆಡೆ ಬಂದು, "ನಿನ್ನ ಮಗಳೂ ಇವರ ಜೊತೇನೇ ಅಲ್ವೇನೇ?" ಎಂದು ಕೇಳಿದಳು.

"ಅದಕ್ಕೇ ಕಣೇ," ಅಂದಳು ಅಮ್ಮ, "ಅವಳು ಮನೇಲಿದ್ದಾಗ ನಾನು ಕೊಜೊ ಹೆಸರೇ ಎತ್ತಲ್ಲ."