ಸೀಟಿನ ಕೆಳಗಿನ ಎಂಜಿನ್

ಜನವರಿ 5, ಕಲಬುರಗಿ ಹಾಸ್ಟೆಲ್, ಬೆಳಿಗ್ಗೆ 6.40

ಬಿಸಿನೀರಿಗೆ ಕ್ಯೂ. ನನ್ನ ಬಕೆಟ್ ಒಂಬತ್ತನೆಯದು. ಅಷ್ಟರಲ್ಲಿ ಫೋನಿನಲ್ಲಿ ಒಂದು ವಿಡಿಯೋ. ಜಪಾನಿನ ಸಣ್ಣ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ರಿಯರ್ ವ್ಹೀಲ್ ಡ್ರೈವ್, ಅಂದರೆ ಎಂಜಿನ್ ತಿರುಗಿಸುವುದು ಹಿಂದಿನ ಗಾಲಿಗಳನ್ನು. ಬೆಟ್ಟದ ರಸ್ತೆ, ಮಂಜು. ತಿರುವಿನಲ್ಲಿ ಹಿಂದಿನ ಗಾಲಿ ಸ್ವಲ್ಪ ಜಾರುತ್ತದೆ... ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಎಂಜಿನ್ನಿನ ದನಿ ನೆತ್ತಿಯವರೆಗೆ ಏರಿತು. ಕಣ್ಣು ಎತ್ತಿದರೆ ಬಕೆಟ್ ಹನ್ನೊಂದಕ್ಕೆ ಸರಿದಿತ್ತು.

ರೂಮ್‌ಮೇಟ್ ಆಯೇಶಾ, ಕಂಪ್ಯೂಟರ್ ಸೈನ್ಸಿನವಳು: "ಏನ್ ಬೇ ಮೈತ್ರಿ, ಗಾಡಿ ನೋಡ್ಕೋತ ನಿಂತ್ರ ನೀರು ತಾನಾ ನಡ್ಕೋತ ಬರ್ತದೇನು?"

ಜನವರಿ 7

ಮೆಕ್ಯಾನಿಕಲ್ ಕ್ಲಾಸಿನಲ್ಲಿ ಸೆಲ್ಫ್ ಇಂಟ್ರೊಡಕ್ಷನ್. ವಸತಿ ಶಾಲೆಯಲ್ಲಿ ಏಳು ವರ್ಷ ಇಂಗ್ಲಿಷ್ ಬಾಯಿಪಾಠ. ಎದ್ದು ನಿಂತರೆ ಅರ್ಧವೇ ಬರುತ್ತದೆ. "ಮೈ ಡ್ರೀಮ್ ಈಸ್ ಟು ಮೇಕ್ ಎಂಜಿನ್" ಅಂದೆ. ಹಿಂದಿನ ಬೆಂಚು ನಕ್ಕಿತು. ಸರ್ ಕೂಡ.

"ನೀ ಪಾಸಾಗೋದ್ರಾಗ ಎಂಜಿನ್ ಮ್ಯೂಸಿಯಮ್‌ದಾಗ ಇರ್ತದವಾ. ಬ್ರಾಂಚ್ ಚೇಂಜ್ ಮಾಡ್ಕೋ. ಕಂಪ್ಯೂಟರ್ ಸೈನ್ಸ್‌ದಾಗ ಎರಡು ಸೀಟ್ ಖಾಲಿ ಅವ."

ಬ್ರಾಂಚ್ ಬದಲಿಸುವ ಫಾರ್ಮ್ ತಂದುಕೊಂಡೆ. ಲಾಸ್ಟ್ ಡೇಟ್ 20, ಸಂಜೆ ನಾಲ್ಕು. ಒಮ್ಮೆ ಹೋದರೆ ಮೆಕ್ಯಾನಿಕಲ್‌ಗೆ ವಾಪಸ್ ಇಲ್ಲ. ಫಾರ್ಮನ್ನು ನೋಟ್ಸಿನ ನಡುವೆ ಇಟ್ಟೆ.

ಜನವರಿ 8

ಅಪ್ಪನ ಫೋನ್. "ಮೆಕ್ಯಾನಿಕಲ್ ಮುಗೀತಂತಲ್ಲವ್ವಾ. ಮುಂದ ಎಲ್ಲಾ ಬ್ಯಾಟರಿನೇ ಅಂತ. ನಮ್ಮ ಆಫೀಸಿನ ಬಸವಂತರಾಯರ ಮಗ ಹೇಳ್ದ. ಫಾರ್ಮ್ ಕೊಟ್ಟಬಿಡು."

ಹೂಂ ಅಂದೆ. ಯಾಕೆ ಅಂದೆ?

ಜನವರಿ 11, ಭಾನುವಾರ

ಎಂಜಿನ್ನಿನ ಮುಂದಿನ ಗತಿ ಏನೆಂದು ಇಡೀ ದಿನ ಓದಿ ನೋಟ್ಸ್ ಬರೆದೆ. ಹೊಸ ಎಂಜಿನ್ ಇನ್ನೂ ಸಣ್ಣದಾಗುತ್ತದಂತೆ. ಜೊತೆಗೊಂದು ಮೋಟರ್ ಇರುತ್ತದಂತೆ. ಪಿಸ್ಟನ್ನೇ ಇಲ್ಲದ ರೋಟರಿ ಮತ್ತೆ ಬರುತ್ತದಂತೆ. ಪೆಟ್ರೋಲ್ ಬದಲು ಹೈಡ್ರೋಜನ್ ಸುಡುತ್ತಾರಂತೆ. ಇಲ್ಲ, ಎಲ್ಲಾ ನಿಂತೇ ಹೋಗುತ್ತದಂತೆ.

ಮತ್ತೆ ಓದಿ ನೋಡಿದೆ. ಸಾಲುಸಾಲಿಗೂ 'ಅಂತೆ'. ಅಪ್ಪನ ಮಾತಿನಲ್ಲೂ ಅದೇ. ಸರ್ ಮಾತಿನಲ್ಲಿ ಮಾತ್ರ ಇರಲಿಲ್ಲ. ಅದಕ್ಕೇ ಅಷ್ಟು ಹೆದರಿದೆನೋ ಏನೋ.

ಮಧ್ಯಾಹ್ನ ಕಣ್ಣು ಹತ್ತಿತು. ಭೀಮೆಯ ಸೇತುವೆ ಮೇಲೆ ಒಂದು ಕೆಂಪು ಕಾರು. ಒಳಗೆ ಯಾರೂ ಇಲ್ಲ, ಬಾಗಿಲು ನನಗಾಗಿ ತೆರೆದಿದೆ. ಹತ್ತಿದೆ. ಹೊರಟಿತು. ನೀರು, ಬಂಡೆ, ಆಚೆ ತೊಗರಿ ಹೊಲ, ಎಲ್ಲ ಸರಿಯುತ್ತಿವೆ, ಎಂಜಿನ್ನಿನ ದನಿ ಮಾತ್ರ ಇಲ್ಲ. ದನಿ ಇಲ್ಲದ್ದಕ್ಕೇ ಎಚ್ಚರವಾಯಿತು.

ಜನವರಿ 15, ಕೊಳಕೂರ

ಸಂಕ್ರಾಂತಿ ರಜೆ. ಜೇವರ್ಗಿಯಿಂದ ಊರಿಗೆ ಉಸ್ಮಾನಸಾಬ ಚಾಚಾರ ಹಳೇ ಓಮ್ನಿ ವ್ಯಾನು. ಸಣ್ಣಂದಿನಿಂದ ಇದರಲ್ಲೇ ಓಡಾಟ. ಮುಂದಿನ ಸೀಟು ಯಾವಾಗಲೂ ಬಿಸಿ. ಚಳಿಗಾಲದಲ್ಲಿ ಅದಕ್ಕೇ ಜಗಳ.

ಅರ್ಧ ದಾರಿಯಲ್ಲಿ ಗಾಡಿ ಮುಗ್ಗರಿಸಿತು. ಜೋಳದ ಹೊಲದ ಬದಿಗೆ ನಿಲ್ಲಿಸಿ ಚಾಚಾ ನನ್ನನ್ನು ಇಳಿಸಿ ಸೀಟು ಎತ್ತಿದರು. ಕೆಳಗೆ ಎಂಜಿನ್. ಗೊತ್ತಿರಲಿಲ್ಲ ಅಂತಲ್ಲ, ನೋಡಿರಲಿಲ್ಲ.

"ಚಾಚಾ, ಇದು ಯಾವ ಗಾಲಿ ತಿರುಗಿಸ್ತದ್ರಿ?"

"ಹಿಂದಿನವು ದುಡೀತಾವ ಬೇಟಿ. ಮುಂದಿನವು ಬರೇ ಹಾದಿ ತೋರಸ್ತಾವ, ನಮ್ಮೂರ ಪಂಚಾಯ್ತಿ ಮೆಂಬರ್‌ಗೋಳಂಗ."

ಗಾಡಿಯ ಹಿಂದಿನ ಸೀಟಿನಿಂದ ನಮ್ಮೂರ ಮುದುಕಿ ಸಕ್ಕುಬಾಯಿ ಆಯಿ: "ಇಲೆಕ್ಷನ್‌ಕ್ಕ ನೀನೂ ನಿಲ್ಲುವಂತಿ. ಮೊದಲು ಗಾಡಿ ಎಬ್ಬಸು."

ವಿಡಿಯೋದ ಕಾರಿನ ಹಾಗೇ ಜಪಾನ್ ಮೂಲದ ಎಂಜಿನ್, ಹಿಂದಿನ ಗಾಲಿಗೆ ಶಕ್ತಿ. ಇಷ್ಟು ವರ್ಷ ಅದರ ಮೇಲೇ ಕೂತಿದ್ದೆ. ಒಬ್ಬಳೇ ನಕ್ಕೆ.

"ಎಂಜಿನ್‌ಗೋಳು ಎಲ್ಲಾ ಬಂದ್ ಆಗ್ತಾವಂತ್ರಿ?"

"ಇದು ದಿನಾ ಎರಡು ಸಲ ಬಂದ್ ಆಗ್ತದ. ಯಾಕ ಆತು ಅಂತ ತಿಳಿಯೋರು ಬೇಕು, ಅಷ್ಟಾ."

ಮತ್ತೆ ಸ್ಟಾರ್ಟ್ ಮಾಡಿದರು. ಬಗ್ಗಿ ಕಿವಿಯಿಟ್ಟೆ. ಟಕ್ ಟಕ್... ಖಾಲಿ. ಟಕ್ ಟಕ್... ಖಾಲಿ.

"ಮೂರರಾಗ ಒಂದು ಸಿಲಿಂಡರ್ ಹಿಡೀವಲ್ತ್ರಿ."

ಚಾಚಾ ನನ್ನ ಮುಖ ನೋಡಿದರು. ಆಫ್ ಮಾಡಿ ಪ್ಲಗ್ ಬಿಚ್ಚುವ ಪಾನಾ ಕೈಗೆ ಕೊಟ್ಟರು. "ನೀನೇ ಬಿಚ್ಚು. ಸುಡ್ತದ, ಹುಷಾರ್."

ಒಂದೊಂದೇ ಬಿಚ್ಚಿ ನೋಡಿದೆ, ಮಧ್ಯದ ಸ್ಪಾರ್ಕ್ ಪ್ಲಗ್ ಕರ್ರಗಾಗಿತ್ತು. ಒರೆಸಿ, ಉಜ್ಜಿ ಹಾಕಿದೆ. ಮೂರೂ ಕೂಡಿ ಎದ್ದವು. ಜೋಳದ ತೆನೆಗಳೆಲ್ಲ ಆ ದನಿಗೇ ತೂಗುತ್ತಿವೆ ಅನ್ನಿಸಿತು.

ಇದರಲ್ಲಿ 'ಅಂತೆ' ಇಲ್ಲ. ನಾನೇ ಕೇಳಿದೆ.

ಜನವರಿ 20, ಮಧ್ಯಾಹ್ನ 3.20

ಕಾಲೇಜು ಆಫೀಸಿನ ಎದುರು ಬೆಂಚು. ಫಾರ್ಮ್ ತುಂಬಿದೆ, ಸಹಿ ಬಾಕಿ. ಪಕ್ಕದಲ್ಲಿ ಆಯೇಶಾ. "ಬಾ ಬೇ, ಇಬ್ಬರೂ ಒಂದೇ ಕ್ಲಾಸ್‌ದಾಗ ಕೂಡೋಣು." ಆಸೆಯಾಗುತ್ತದೆ. ಸರ್ ಹೇಳಿದ್ದೇ ನಿಜವಾದರೆ? ಆಗಲೂಬಹುದು.

4.10

ಕಿಟಕಿ ಮುಚ್ಚಿದರು. ಫಾರ್ಮ್ ನನ್ನ ಹತ್ತಿರವೇ ಇದೆ. ಆಯೇಶಾ "ಹುಚ್ಚಿ" ಅಂದು ಚಹಾಕ್ಕೆ ಹೋದಳು. ನನಗೂ ಒಂದು ಕಪ್ ಹೇಳುತ್ತಾಳೆ, ಗೊತ್ತು.

ಅಪ್ಪನ ಮೂರು ಮಿಸ್ಡ್ ಕಾಲ್. ಬರೆದುಕೊಂಡೇ ಮಾತಾಡಬೇಕು, ಇಲ್ಲದಿದ್ದರೆ ಮತ್ತೆ ಹೂಂ ಅಂದುಬಿಡುತ್ತೇನೆ.

ಅಪ್ಪಾ, ಫಾರ್ಮ್ ಕೊಡ್ಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ. ಅಂಜಿಕಿ ಅದ, ಖರೇ. ಮುಂದ ಏನಾಗ್ತದ ನನಗೂ ಗೊತ್ತಿಲ್ಲ. ಆದ್ರ ನಾ—

ಅಪ್ಪನ ಫೋನೇ ರಿಂಗ್ ಆಗುತ್ತಿದೆ. ಎತ್ತುತ್ತಿದ್ದೇನೆ.