ನಿನ್ನ ಸಾಗಾದಲ್ಲಿ ನೋಡುವಂಥದ್ದು

ಮಿತ್ಸುಯೆ ಅಕ್ಕನಿಗೆ ಕಿನುಯೊ ಮಾಡುವ ನಮಸ್ಕಾರಗಳು. ಈ ಕಾಗದಕ್ಕೆ ಅಂಚೆಚೀಟಿ ಹಚ್ಚುವುದಿಲ್ಲ. ಆದರೂ ಇವತ್ತಿನ ಸುದ್ದಿ ಮೊದಲು ನಿನಗೇ ಹೇಳಬೇಕು. ಪ್ರತಿ ವಸಂತದಲ್ಲೂ ನೀನು ಕರೆದಾಗ ಬಾರದವಳು, ನೀನು ತೀರಿಕೊಂಡ ಮೇಲೆ ನಿನ್ನ ಸಾಗಾ ಪಟ್ಟಣಕ್ಕೆ ಬಂದು ನೆಲೆಸಿ ಎಂಟು ತಿಂಗಳಾಯಿತು.

ಬೆಳಿಗ್ಗೆ ರೈಲು ನಿಲ್ದಾಣದ ಎದುರು ಒಸಾಕಾದ ಗಂಡಹೆಂಡತಿ, ಇಲ್ಲಿ ನೋಡುವಂಥದ್ದೇನಿದೆ ಎಂದು ಟ್ಯಾಕ್ಸಿ ಓಡಿಸುವ ಕೋಗಾನನ್ನು ಕೇಳುತ್ತಿದ್ದರು.

"ಇಲ್ಲೇನೂ ಇಲ್ಲ ಸ್ವಾಮಿ, ನಾಗಸಾಕಿಗೆ ಹೋಗಿ" ಎಂದ, ಈ ಊರಿನವರೆಲ್ಲ ಹೇಳುವ ಹಾಗೆ.

ನೀನು ನಲವತ್ತು ವರ್ಷ ಬಾಳಿದ ಊರು. ನನಗೆ ರೇಗಿತು.

"ನೀನು ಸುಮ್ಮನಿರಪ್ಪ. ಅಮ್ಮಾ, ನಂಗೆ ಒಂದು ಗಂಟೆ ಕೊಡಿ. ಬೇಜಾರಾದ್ರೆ ಮುಂದಿನ ರೈಲು ಹಿಡೀರಿ" ಎಂದೆ.

ಬೀದಿಬೀದಿಯಲ್ಲಿ ಮೀನು ಹಿಡಿದು ನಗುತ್ತ ಕೂತಿರುವ ಕಲ್ಲಿನ ಎಬಿಸು ದೇವರನ್ನು ತೋರಿಸಿದೆ. ಆಕೆ ಇಪ್ಪತ್ತಾರು ವಿಗ್ರಹಗಳವರೆಗೆ ಎಣಿಸಿದಳು. ಕೋಟೆಬಾಗಿಲಲ್ಲಿ ಹಳೆಯ ದಂಗೆಯ ಗುಂಡೇಟಿನ ಗುರುತುಗಳನ್ನು ಹುಡುಕಿದೆವು. ಮೂರು ರೈಲು ಹೋದವು. ಯಾರೂ ಗಡಿಯಾರ ನೋಡಲಿಲ್ಲ.

ಕುತೂಹಲಕ್ಕೆ ಹಿಂದೆಯೇ ಬಂದಿದ್ದ ಕೋಗಾ ತಲೆ ಕೆರೆದುಕೊಂಡ. "ಅಜ್ಜಿ, ನಾನು ಹುಟ್ಟಿದ್ದೇ ಇಲ್ಲಿ. ಇದನ್ನ ಸರಿಯಾಗಿ ನೋಡಿದ್ದು ಇವತ್ತೇ."

ಗೆದ್ದುಬಿಟ್ಟೆ, ಅಕ್ಕ.

ಹೊರಡುವಾಗ ಆಕೆ, "ಯಾವತ್ತಾದ್ರೂ ನನ್ನ ತಂಗೀನೂ ಕರ್ಕೊಂಡು ಬರ್ತೀನಿ" ಎಂದಳು.

"ಹಾಗನ್ಬೇಡಮ್ಮ, ದಿನ ಹೇಳು" ಎಂದೆ. ನಿಂತಲ್ಲೇ ತಂಗಿಗೆ ಫೋನ್ ಮಾಡಿಸಿದೆ.

ಬರುವ ಭಾನುವಾರ ಹತ್ತು ಗಂಟೆಯ ರೈಲಿಗೆ ಬರುತ್ತಿದ್ದಾರೆ. ಅಕ್ಕ ತಂಗಿ ಇಬ್ಬರೂ.