ಐದು ಗಂಟೆಯ ರಿಂಗ್

ಮಾರ್ಚ್ 12, 2006. ಭಾನುವಾರ. ದಂಡಿಗನಹಳ್ಳಿ

ಬೆಳಗಿನ ಎಂಟರ ಡ್ಯೂಟಿ ಮುಗಿಯಿತು. ತಾರಸಿ ಹತ್ತು, ನೀರಿನ ಟ್ಯಾಂಕಿನ ಪಕ್ಕ ನಿಲ್ಲು, ಫೋನ್ ತಲೆಯ ಮೇಲೆ ಹಿಡಿ, ಸಿಗ್ನಲ್ಲಿನ ಒಂದು ಕಡ್ಡಿ ಬರುವವರೆಗೆ ಕಾಯಿ. ಒಂದು ರಿಂಗ್. ಕಟ್. ಹಾಸನದಲ್ಲಿ ರುದ್ರೇಶ್ ತಮ್ಮ ಮೊಬೈಲ್ ಅಂಗಡಿಯ ಶಟರ್ ಎತ್ತುತ್ತಾ ಅದನ್ನು ನೋಡುತ್ತಾರೆ — ಹೆಂಡತಿ ಕ್ಷೇಮ, ಹೊಟ್ಟೆಯಲ್ಲಿರುವುದೂ ಕ್ಷೇಮ. ಸಂಜೆ ಐದಕ್ಕೆ ಇನ್ನೊಂದು. ಎತ್ತುವ ಹಾಗಿಲ್ಲ. ಬಿಡದೆ ಬಡಿದುಕೊಂಡರೆ ಮಾತ್ರ ಎತ್ತಬೇಕು.

ಗಂಡನ ಹೆಸರು ಬರೆದೆ. ಆಯುಸ್ಸೇನೂ ಕಮ್ಮಿಯಾಗಲ್ಲ. ಅಮ್ಮ ಇದನ್ನು ಓದುವುದೂ ಇಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದೇನೋ ಸರಿ. ತವರಿದೆ, ಟವರಿಲ್ಲ.

ಮಾರ್ಚ್ 19. ಭಾನುವಾರ

ನಿನ್ನೆ ಸಂಜೆ ನಿದ್ದೆ ಹತ್ತಿತು, ರಿಂಗ್ ಕೊಡುವುದು ಮರೆತೇ ಹೋಯಿತು. ಆರು ಗಂಟೆಗೆಲ್ಲಾ ಬಾಗಿಲಲ್ಲಿ ಬೈಕು! ಮುಖ ಬಿಳಿಚಿಕೊಂಡು ಬಂದಿದ್ದರು. ನಾನು ನಕ್ಕುಬಿಟ್ಟೆ.

"ನಗ್ತೀಯಲ್ಲೇ! ಇನ್ನೊಂದ್ಸಲ ಹಿಂಗ್ ಮಾಡು, ಕಾರ್ ತಂದು ಸೀದಾ ಹಾಸ್ನದ್ ಆಸ್ಪತ್ರೆಗೆ ಹೊತ್ಕೊಂಡ್ ಓಯ್ತೀನಿ, ನೋಡ್ತಿರು."

ಪಕ್ಕದ ಮನೆ ಗುಂಡಯ್ಯ ಮೇಷ್ಟ್ರ ಫೋನಿಗೆ ಮಾತ್ರ ಊರೆಲ್ಲಾ ಸಿಗ್ನಲ್. ನನ್ನ ಸಿಮ್ ಅದಕ್ಕೆ ಹಾಕಿಬಿಡೋಣ ಅಂತ ಅಪ್ಪ ಇವತ್ತು ಅದರ ಬೆನ್ನು ಬಿಚ್ಚಿಕೊಂಡು ಕೂತಿದ್ದರು. ತೂರಿಸಲು ಜಾಗವೇ ಇಲ್ಲ. ರಾತ್ರಿ ಇಲ್ಲೇ ಉಳಿದಿದ್ದ ರುದ್ರೇಶ್ ಕಿತ್ತುಕೊಂಡರು.

"ಮಾವ, ಇದು ಸಿಡಿಎಂಎ. ಇದುಕ್ಕೆ ಸಿಮ್ಮೇ ಇಲ್ಲ, ನಂಬ್ರು ಸೆಟ್ಟೊಳ್ಗೇ ಕೂತದೆ. ನೀಲನ್ದು ಜಿಎಸ್‌ಎಂ. ಈ ಊರಿನ್ ಟವರ್ ಅದುಕ್ಕೆ ಆಗಕಿಲ್ಲ."

"ಎರಡೂ ಫೋನೇ ಅಲ್ವೇನಪ್ಪ?"

"ಡೀಸೆಲ್ ಗಾಡಿಗೆ ಪೆಟ್ರೋಲ್ ಉಯ್ದಂಗಾಯ್ತದೆ ಮಾವ."

ಯುಗಾದಿಗೆ ಬರುವಾಗ ಒಂದು ಸಿಡಿಎಂಎ ಸೆಟ್ಟೇ ತರುತ್ತಾರಂತೆ. ಹೊಟ್ಟೆಯೊಳಗೇ ನಂಬರ್ ಇಟ್ಟುಕೊಂಡ ಫೋನು. ನನಗೆ ಅದರ ಮೇಲೆ ಈಗಲೇ ಪ್ರೀತಿ ಬಂದಿದೆ.

ಮಾರ್ಚ್ 27. ಸೋಮವಾರ

ಕಾಲು ಊದಿಕೊಂಡಿದೆ. ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತೆ. ಮೆಟ್ಟಿಲು ಹತ್ತಬೇಡ ಅಂತ ಅಮ್ಮನೇ ರಿಂಗ್ ಕೊಡುತ್ತಿದ್ದಾಳೆ. ಹಸಿರು ಗುಂಡಿ, ಆಮೇಲೆ ಕೆಂಪು ಗುಂಡಿ — ಅಷ್ಟು ಕಲಿಸಿದ್ದೇನೆ. ದೇವರ ದೀಪ ಹಚ್ಚುವಷ್ಟೇ ನೇಮ ಅವಳಿಗೆ.

ಹಾಸನದ ಡಾಕ್ಟರಮ್ಮ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಬಿ.ಪಿ. ಇದೆ. ತಲೆ ಸಿಡಿದರೆ, ಕಣ್ಣು ಮಂಜಾದರೆ ತಡ ಮಾಡದೆ ಬಾ, ನಿನಗೂ ಮಗುವಿಗೂ ಇಬ್ಬರಿಗೂ ಅಪಾಯ. ಅಮ್ಮನಿಗೆ ಮತ್ತೆ ಹೇಳಿದೆ.

"ಬಸ್ರಿ ಅಂದ್ಮೇಲೆ ಕಾಲ್ ಊದ್ಕಳ್ದೆ ಇನ್ನೇನ್ ಕೊಂಬು ಬತ್ತದಾ?" ಅಂದಳು.

ಮಾರ್ಚ್ 29. ಬುಧವಾರ. ಯುಗಾದಿ ಅಮಾವಾಸ್ಯೆ. ಬೆಳಿಗ್ಗೆ 9

ತಲೆ ಸಿಡಿಯುತ್ತಿದೆ. ಏಳುವಷ್ಟರಲ್ಲಿ ಅಮ್ಮ ರಿಂಗ್ ಕೊಟ್ಟು ಬಂದಾಗಿತ್ತು. ಕ್ಷೇಮ ಅಂತೆ! ಅಪ್ಪ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದಾರೆ, ಕತ್ತಲಾಗದೆ ಬರಲ್ಲ. ಗುಂಡಯ್ಯ ಮೇಷ್ಟ್ರು ಹಬ್ಬಕ್ಕೆ ಮಗಳ ಮನೆಗೆ — ಫೋನೂ ಅವರ ಜೇಬಲ್ಲೇ. ಊರಿನ ನರ್ಸಮ್ಮನ ಮನೆಗೆ ಬೀಗ. ಇಲ್ಲಿನ ಅಂಗಡಿಯ ಕಾಯಿನ್ ಫೋನ್ ರಸ್ತೆ ಅಗೆದಾಗಿನಿಂದ ಸತ್ತಿದೆ.

ಯಾರದಾದರೂ ಗಾಡಿ ಕೇಳಮ್ಮ, ಹಾಸನಕ್ಕೆ ಹೋಗೋಣ ಅಂದೆ.

"ಇವತ್ತಾ? ಅಮಾಸೆ ಕಣೆ. ಮೇಲಾಗಿ ಗ್ರಹಣ ಅಂತ ಟೀವೀಲಿ ಬಡ್ಕತಾವ್ರೆ. ತುಂಬಿದ್ ಬಸ್ರೀನ ಹೊಸ್ಲು ದಾಟುಸ್ಲಾ?"

"ನಮ್ ಕಡೆ ಕಾಣೋದೂ ಅನುಮಾನವಂತೆ."

"ಕಾಣ್ದಿದ್ರೆ ಗ್ರಹಣ ಅಲ್ವಾ? ನಾಳೆ ಅಳಿಯಂದ್ರೇ ಬತ್ತಾರೆ. ಸುಮ್ಕೆ ಮಲಿಕ್ಕೊ."

11 ಗಂಟೆ

ಅಮ್ಮ ಹಿತ್ತಿಲಿಗೆ ಹೋದಾಗ ಗೋಡೆ ಹಿಡಿದು ತಾರಸಿ ಹತ್ತಿದೆ. ಡಯಲ್ ಮಾಡಿದೆ. ಒಂದು ರಿಂಗ್... ಕಟ್. ನಾನು ಮಾಡಿದ್ದಲ್ಲ, ಸಿಗ್ನಲ್ ಹೋಯಿತು. ಮತ್ತೆ. ಒಂದು ರಿಂಗ್, ಕಟ್. ಮೆಸೇಜೂ ಹೋಗಲಿಲ್ಲ. ಮತ್ತೆ, ಮತ್ತೆ.

ಆಮೇಲೆ ಹೊಳೆಯಿತು. ಅಲ್ಲಿ ಅವರು ನಗುತ್ತಿರುತ್ತಾರೆ — ಹಬ್ಬದ ಖುಷಿಗೆ ಹೊತ್ತಲ್ಲದ ಹೊತ್ತಲ್ಲಿ ರಿಂಗ್ ಕೊಡುತ್ತಿದ್ದಾಳೆ ಅಂತ. ನಾನು ಕಾಪಾಡಿ ಅಂದಷ್ಟು ಸಲವೂ ಕ್ಷೇಮ, ಕ್ಷೇಮ ಅಂತಲೇ ಹೋಗಿದೆ. ದಿನವಿಡೀ ಫೋನ್ ಮಾರುವ ಮನುಷ್ಯ, ಇಷ್ಟು ಹೊಳೆಯಬಾರದಾ! ನನಗೂ ಈಗಲೇ ಹೊಳೆದದ್ದು ಅನ್ನಿ.

ಮಧ್ಯಾಹ್ನ 2-30

ಬೆಳಕು ನೋಡಲಾಗುತ್ತಿಲ್ಲ. ಅಕ್ಷರ ಎರಡೆರಡಾಗಿ ಕಾಣುತ್ತಿವೆ, ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಸುಮ್ಮನೆ ಮಲಗಿದರೆ ಭಯ. ಹೊಟ್ಟೆಯಲ್ಲಿ ಒದೆತ ಇದೆ. ಇದೆ. ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ ಅಳುತ್ತಾಳೆ, ಆದರೂ ಗಾಡಿ ಕರೆಯಲ್ಲ. ಅವಳಿಗೂ ನನ್ನಷ್ಟೇ ಹೆದರಿಕೆ.

ಒಂದೇ ದಾರಿ. ಐದರ ರಿಂಗ್ ಹೋಗಬಾರದು. ಅವತ್ತು ಒಂದು ತಪ್ಪಿದ್ದಕ್ಕೆ ಓಡಿ ಬಂದರಲ್ಲ. ಅಮ್ಮನನ್ನು ಬೇಡ ಅಂದರೆ ಕೇಳಲ್ಲ, ಅಳಿಯಂದಿರು ಗಾಬರಿಯಾಗುತ್ತಾರೆ ಅಂತ ಕೊಟ್ಟೇ ಕೊಡುತ್ತಾಳೆ. ಫೋನಿನ ಬೆನ್ನು ಬಿಚ್ಚಿ ಸಿಮ್ ತೆಗೆದು ರವಿಕೆಯೊಳಗೆ ಇಟ್ಟುಕೊಂಡೆ. ಸಿಡಿಎಂಎ ಆಗಿದ್ದರೆ ಇದೂ ಆಗುತ್ತಿರಲಿಲ್ಲ.

5-15

ನೇಮ ತಪ್ಪಿಸಲಿಲ್ಲ ಅಮ್ಮ. ಹತ್ತಿ, ಇಳಿದು ಬಂದಳು.

"ಇದೇನೇ, ಬರೀ ಇಂಗ್ಲಿಷ್ ತೋರುಸ್ತದೆ? ರಿಂಗೇ ಓಗ್ತಿಲ್ಲ. ಅಳಿಯಂದ್ರು ಗಾಬ್ರಿ ಆಗಲ್ವಾ?"

"ಆಗ್ಲಿ ಬಿಡಮ್ಮ" ಅಂದೆ.

ಆರೋ ಏನೋ

ಬಲಗಣ್ಣು ಪೂರ್ತಿ ಮಂಜು. ಬಂದಾರಾ? ಬೆಳಗಿನಿಂದ ಅಷ್ಟು ಸಲ ಕ್ಷೇಮ ಅಂದಿದ್ದೇನೆ... ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಅಂಗಡಿಯಲ್ಲೇ ಕೂತರೆ? ರುದ್ರೇಶ್, ಬನ್ನಿ. ಬನ್ನಿ.

ಓಣಿಯಲ್ಲಿ ಸದ್ದು. ಬೈಕಲ್ಲ. ಕಾರು.

"ಯಾಕೇ ನೀಲಾ, ರಿಂಗ್ ಯಾಕ್ ಕೊಡ್ಲಿಲ್ಲ?" — ಬೀದಿಯಿಂದಲೇ ಕೂಗು. ಅಮ್ಮ ಬಾಗಿಲಿಗೆ ಅಡ್ಡ ನಿಂತು ಅಮಾಸೆ, ಗ್ರಹಣ ಅನ್ನುತ್ತಿದ್ದಾಳೆ.

"ಅತ್ತೆ, ಆಚಿಕ್ ನಿಂತ್ಕಳಿ."

ಎಂಥ ಒಳ್ಳೆ ಸಿಟ್ಟು. ಎತ್ತಿಕೊಳ್ಳಲು ಬಗ್ಗಿದರು. ಹೊಸಿಲು ದಾ—